ಕೈ ಇಳಿದ ಮೇಲೆ ಬರುವ ಸದ್ದು

ಕೋಲು ಹಿಡಿದು ವಾದ್ಯವೃಂದ ನಡೆಸುವ ಕಂಡಕ್ಟರರ ಕೈ ಇಳಿಯಿತು, ನಾನು ಹೊಡೆದೆ. ‘ಟಿಣ್’ ಎಂದು ನನ್ನ ಟ್ರಯಾಂಗಲ್, ಆ ಮುಕ್ಕೋನದ ಉಕ್ಕಿನ ಸರಳು, ಒಂದೇ ಇಡೀ ಸಭಾಂಗಣದಲ್ಲಿ ಮೊಳಗಿತು. ಉಳಿದವರ ಪಿಟೀಲು, ಕೊಳಲು, ಕಹಳೆಗಳೆಲ್ಲ ಒಂದು ಉಸಿರಿನಷ್ಟು ತಡವಾಗಿ, ನಿದ್ದೆಯಿಂದ ಎದ್ದವರಂತೆ ಹಿಂದೆ ಬಂದವು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನೂ ಅವರನ್ನು ನೋಡಿದೆ. ತಡಮಾಡಿದವರು ಅವರು, ನಾಚಿಕೆ ನನಗೇಕೆ?

ಇದು ಲಂಡನ್ನಿನ ಅಂಚಿನ ಸ್ಟ್ಯಾನ್ಮೋರ್‌ನ ಒಂದು ಚರ್ಚ್ ಹಾಲ್. ತೊಂಬತ್ತರ ದಶಕದ ಕೊನೆಯ ಮಾತು. ಮಂಗಳವಾರದ ಸಂಜೆ ಅಲ್ಲಿ ಶಿಕ್ಷಕರು, ದಂತವೈದ್ಯರು, ಬಸ್ ಚಾಲಕರು ಸೇರಿ ಆರ್ಕೆಸ್ಟ್ರಾ ನುಡಿಸುತ್ತಿದ್ದರು. ಕಾನೂನು ಓದಲು ಬಂದಿದ್ದ ನಾನು ಧಾರವಾಡದಲ್ಲಿ ತಬಲಾ ಕಲಿತವಳು, ಚರ್ಚಾಸ್ಪರ್ಧೆಗಳಲ್ಲಿ ಕಪ್ ಹೊತ್ತು ತಂದವಳು. ಲೆಕ್ಕ ತಪ್ಪುವುದಿಲ್ಲವೆಂದು ನನ್ನ ಕೈಗೆ ಟ್ರಯಾಂಗಲ್ ಕೊಟ್ಟಿದ್ದರು. ನಮ್ಮಲ್ಲಿ ತಾಳದ ಮೊದಲ ಪೆಟ್ಟಾದ ಸಮ ಎಂದರೆ ಕೈ ಬೀಳುವ ಜಾಗ, ಅಲ್ಲೇ ಸದ್ದು. ಇಲ್ಲಿ ಕೈ ಬಿದ್ದ ಮೇಲೆ ಸದ್ದಿಗಾಗಿ ಕಾಯಬೇಕು. ಈ ಊರಿನಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಹವಾಮಾನದ ಮಾತು ಬರುವುದಿಲ್ಲವೇ, ಹಾಗೆ.

ವಸಂತದ ಕಾರ್ಯಕ್ರಮದಲ್ಲಿ, ನಿಧಾನದ ಭಾಗದ ತುದಿಯಲ್ಲಿ, ನನ್ನದೊಂದೇ ಪೆಟ್ಟು. ಮುಂದಿನ ಸಾಲಿನಲ್ಲಿ ನುಡಿಸುತ್ತಿದ್ದ, ಸಮಿತಿಯ ಮಾರ್ಗರೆಟ್ ಬಹಳ ನಯವಾಗಿ, “ಅಂದು ಬೇಕಾದರೆ ಬೇರೆಯವರನ್ನು ಕರೆಸೋಣ, ನಿನಗೂ ಆರಾಮ” ಎಂದರು. ನಯವಾದಷ್ಟೂ ಅಪಾಯವೆಂಬುದನ್ನು ಅಷ್ಟರಲ್ಲಿ ಕಲಿತಿದ್ದೆ. “ವಾಪಸ್ ಯಾವಾಗ ಹೋಗುತ್ತೀಯ?” ಎಂದು ಯಾರೂ ಕೇಳದ, ಲಂಡನ್ನಿನ ಒಂದೇ ಒಂದು ಕೋಣೆ ಆ ಹಾಲ್. ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಚಹಾ ವಿರಾಮದಲ್ಲಿ ನೇರವಾಗಿ ಕಂಡಕ್ಟರ್ ಐನಾರ್ ಹತ್ತಿರ ಹೋದೆ. ಅವರು ನಾರ್ವೆಯವರು, ಅರವತ್ತು ದಾಟಿದ್ದವರು.

“ನಿಮ್ಮ ಕೈ ಒಂದು ಹೇಳುತ್ತದೆ, ಇವರು ಇನ್ನೊಂದು ಮಾಡುತ್ತಾರೆ. ಹಾಗಾದರೆ ನೀವು ಯಾಕೆ ಬೇಕು?”

ಐನಾರ್ ಚಹಾದಲ್ಲಿ ಬಿಸ್ಕತ್ತು ಅದ್ದಿದರು. “ಮೂವತ್ತು ವರ್ಷದಿಂದ ನಾನೂ ಕೇಳಿಕೊಳ್ಳುತ್ತಿದ್ದೇನೆ. ನಿನಗೆ ಉತ್ತರ ಸಿಕ್ಕರೆ ಹೇಳು.”

ಬಡಪೆಟ್ಟಿಗೆ ಬಗ್ಗುವ ಸಾಕ್ಷಿಯಲ್ಲ. ವಾರವಾರ ಪಾಟೀಸವಾಲು ಹಾಕಿ ಅವರ ಕಥೆ ಹೊರತೆಗೆದೆ. ಹುಟ್ಟಿದ್ದು ಉತ್ತರದ ಒಂದು ದ್ವೀಪದಲ್ಲಿ; ಅಪ್ಪ ಮೀನು ಒಣಗಿಸುವವರು. ಶಾಲೆಯ ಬ್ಯಾಂಡಿನಲ್ಲಿ ಟ್ಯೂಬಾ ಎಂಬ ದೊಡ್ಡ ಕಹಳೆ ಊದುತ್ತ ಹಿಮದಲ್ಲಿ ಮೆರವಣಿಗೆ ಹೋಗುತ್ತಿದ್ದರಂತೆ. ಓದು ಓಸ್ಲೋದಲ್ಲಿ. ಆಮೇಲೆ ಲಂಡನ್ನಿನ ದೊಡ್ಡ ಆರ್ಕೆಸ್ಟ್ರಾವೊಂದರಲ್ಲಿ ಸಹಾಯಕ. ಹೆಸರಾಂತ ಕಂಡಕ್ಟರ್‌ಗೆ ಮೈ ಹುಷಾರಿಲ್ಲದಿದ್ದರೆ ಇರಲಿ ಎಂದು, ಸಿದ್ಧವಾಗಿ ಕೂರುವುದೇ ಕೆಲಸ.

“ಅಂದರೆ ಬೇರೆಯವರಿಗೆ ಜ್ವರ ಬರಲಿ ಅಂತ ಕಾಯುತ್ತಿದ್ದಿರಿ?”

“ಪ್ರತಿ ಚಳಿಗಾಲ!”

ಜ್ವರ ಬಂದೇ ಬಂತು. ಐನಾರ್ ವೇದಿಕೆ ಹತ್ತಿದರು. ಊರಿನ ಪುಟ್ಟ ಬ್ಯಾಂಡಿನಲ್ಲಿ ಕೈ ಮತ್ತು ಸದ್ದು ಒಟ್ಟಿಗೆ ಬೀಳುತ್ತಿದ್ದವು. ಇಲ್ಲಿ ಸದ್ದು ಹಿಂದುಳಿಯಿತು. ಪಾಪ, ಬರಲಿ ಎಂದು ಐನಾರ್ ಕಾದರು. ಇವರ ಕೈಗಾಗಿ ವಾದಕರು ಕಾದರು. ಸಂಗೀತ ಎಳೆದು ಎಳೆದು ನಿಲ್ಲುವ ಹಂತಕ್ಕೆ ಬಂದಿತ್ತಂತೆ.

“ಕೈ ಮುಂದೆ ಬರುವುದನ್ನು ಹೇಳುತ್ತದೆ. ಅಷ್ಟು ಜನ ಅದನ್ನು ಕಂಡು, ಪರಸ್ಪರ ಕೇಳಿಸಿಕೊಂಡು, ಕೂಡಿ ಬರಬೇಕು. ನೀನು ನನ್ನನ್ನು ನೋಡಿ ಹೊಡೆಯಬೇಡ. ನೆಲಕ್ಕೆ ಊರಿ ನುಡಿಸುವ ಆ ದೊಡ್ಡ ಪಿಟೀಲುಗಳನ್ನು ಕೇಳಿ ಹೊಡಿ,” ಎಂದರು ಐನಾರ್.

ವಾದ ಒಪ್ಪಿಗೆಯಾಗಲಿಲ್ಲ, ಆದರೂ ಪರೀಕ್ಷಿಸಬಹುದಲ್ಲ. ನಾನು ಬಾಡಿಗೆಗಿದ್ದದ್ದು ಪಕ್ಕದ ಎಜ್‌ವೇರ್‌ನಲ್ಲಿ, ಧಾರವಾಡದ ಡಾಕ್ಟರೊಬ್ಬರ ಮನೆಯ ಬಾಕ್ಸ್ ರೂಮಿನಲ್ಲಿ. ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದ ಕೋಣೆ ಅದು. ಅಡುಗೆಮನೆಯಲ್ಲಿ ಡಾಕ್ಟರ ಹೆಂಡತಿ, ನನಗೆ ಅತ್ತಿಗೆಯಂತಿದ್ದ ಸುಧಾ ವೈನಿಗೆ ಚಪ್ಪಾಳೆ ತಟ್ಟಲು ಹೇಳಿ, ನಾನು ಚಮಚದಿಂದ ಸ್ಟೀಲ್ ಲೋಟಕ್ಕೆ ಒಂದಿಷ್ಟು ತಡವಾಗಿ ಹೊಡೆಯತೊಡಗಿದೆ.

ವೈನಿ ತಟ್ಟುವುದನ್ನೇ ನಿಲ್ಲಿಸಿದರು. “ಏನ್ ಹೊಡೀಲಿಕತ್ತೀಯವಾ? ಲಯಾ ಕೆಟ್ಟದ ನಿಂದು!”

“ಅಲ್ಲಿ ಹಂಗ ಹೊಡೀಬೇಕಂತ, ವೈನಿ.”

“ಆಂವಾ ಬಾರಸೂದಿಲ್ಲ, ಹಾಡೂದಿಲ್ಲ, ಬರೇ ಕಡ್ಡಿ ಆಡಸ್ತಾನ. ಅವನ ಮಾತ್ ಕೇಳಿ ಕಲ್ತದ್ದು ಕಳಕೋತೀಯೇನ್?”

“ಮಮ್, ಲೀವ್ ಹರ್ ಅಲೋನ್,” ಮಗಳು ನೇಹಾ ಹೋಮ್‌ವರ್ಕಿನಿಂದ ತಲೆ ಎತ್ತದೆ ಹೇಳಿದಳು.

ವಸಂತ ಬಂತು. ನಿಧಾನದ ಭಾಗ ಮುಗಿಯುತ್ತ ಬಂದಂತೆ ಐನಾರ್ ಕೈ ಇಳಿಯುವುದು ಕಣ್ಣಂಚಿನಲ್ಲಿ ಕಂಡಿತು. ನನ್ನ ಮೈಯೆಲ್ಲ ‘ಸಮ!’ ಎಂದು ಕೂಗಿತು. ತಡೆದೆ. ದೊಡ್ಡ ಪಿಟೀಲುಗಳ ಗುಂಯ್ ಎಂಬ ಸದ್ದು ನೆಲದಿಂದ ಪಾದಕ್ಕೆ ಹತ್ತಿತು. ಹೊಡೆದೆ. ನನ್ನ ‘ಟಿಣ್’ ಎಲ್ಲರ ಸದ್ದಿನ ಮೇಲೆ ಹೋಗಿ ಕೂತಿತು. ಮಾರ್ಗರೆಟ್ ತಿರುಗಿ ನೋಡಲಿಲ್ಲ. ಇಂಗ್ಲಿಷರ ಪ್ರಶಂಸೆಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.

ಆ ಡಿಸೆಂಬರಿನಲ್ಲಿ ಧಾರವಾಡಕ್ಕೆ ಹೋದಾಗ ನನ್ನ ತಬಲಾ ಮಾಸ್ತರರ ಮನೆಯಲ್ಲಿ ಹಾಡಿನ ಬೈಠಕ್; ತಬಲಾಕ್ಕೆ ನಾನು. ಹಾಡುವವರು ಸಮಕ್ಕೆ ಬಂದರು; ನನ್ನ ಕೈ ಅವರ ದನಿಯನ್ನು ಕೇಳಿಸಿಕೊಂಡು ಬಿತ್ತು. ಕೂದಲೆಳೆಯಷ್ಟು ತಡ. ಮಾಸ್ತರರು ಕಣ್ಣು ತೆರೆದರು.

“ಏನವಾ, ನಿನ್ನ ಸಮಾ ಲಂಡನ್ನಿಂದ ಟಪಾಲಿನ್ಯಾಗ ಬರ್ಲಿಕತ್ತದೇನು?”

ಎಲ್ಲರೂ ನಕ್ಕರು. ನಾನೂ ನಕ್ಕೆ, ತುಸು ತಡವಾಗಿ.

ಮರಳಿ ಬಂದು, ಅಭ್ಯಾಸ ಶುರುವಾಗುವ ಮುನ್ನ ಐನಾರ್‌ಗೆ ದೂರು ಹೇಳಿದೆ: “ನಿಮ್ಮಿಂದ ನನ್ನ ಊರಿನ ಕೈ ಹೋಯಿತು.”

ಅವರು ಕೋಲಿನ ಹಿಡಿ ಒರೆಸುತ್ತ ಹೇಳಿದರು: “ನಮ್ಮ ದ್ವೀಪದ ಬ್ಯಾಂಡಿನವರು ಈಗ ನನಗೆ ಕೋಲು ಕೊಡುವುದಿಲ್ಲ. ಹೋದಾಗಲೆಲ್ಲ ಟ್ಯೂಬಾ ಕೊಡುತ್ತಾರೆ.”

“ಅದಾದರೂ ಸರಿ ಬರುತ್ತದೆಯಲ್ಲ?”

“ಅದರಲ್ಲೂ ನಾನು ತಡವಂತೆ.”

ಅಭ್ಯಾಸ ಶುರುಮಾಡಲು ಅವರು ಕೈ ಎತ್ತಿದರು. ನನಗೆ ಪ್ರತಿವಾದ ಹೊಳೆಯುವಷ್ಟರಲ್ಲಿ ಅದು ಇಳಿದಿತ್ತು.