ಮಗಳ ಹಾಲಿಗೆ ಅಪ್ಪ ಕುಡಿದ ಮೆಂತ್ಯದ ನೀರು

ಗ್ಯಾರೇಜಿನಲ್ಲಿ ಅವನನ್ನು ಎದುರಿಗೆ ಮೇಸ್ತ್ರಿ ಎನ್ನುತ್ತಿದ್ದರು, ಬೆನ್ನ ಹಿಂದೆ ಹಾರ್ನ್ ಎನ್ನುತ್ತಿದ್ದರು. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ನಟ್ಟು ಕೈಜಾರಿದರೆ ನಟ್ಟಿಗೂ ಬೈಗುಳ, ಅದು ಬಿದ್ದ ನೆಲಕ್ಕೂ ಬೈಗುಳ. ಆದರೆ ಕೆಲಸದಲ್ಲಿ ನಿಯತ್ತಿನ ಮನುಷ್ಯ. ಹೊಸ ಆಯಿಲ್ ಬಂದರೆ ಮೊದಲು ತನ್ನ ಹಳೇ ವ್ಯಾನಿಗೆ ಹಾಕಿ ಓಡಿಸಿ ನೋಡದೆ ಗಿರಾಕಿಯ ಗಾಡಿಗೆ ಸುತಾರಾಂ ಹಾಕುತ್ತಿರಲಿಲ್ಲ.

ಮಗಳು ಬಾಣಂತಿಯಾಗಿ ಮನೆಗೆ ಬಂದಳು. ಹಾಲು ಸಾಲದು, ಮಗುವಿನ ತೂಕ ಏರದು. ಮುಂದಿನ ಸಲ ತೂಗಿದಾಗಲೂ ಹೀಗೇ ಇದ್ದರೆ ಡಬ್ಬಿ ಹಾಲು ಶುರು ಮಾಡೋಣ ಎಂದಳು ಮನೆಗೆ ಬರುವ ನರ್ಸಮ್ಮ. ಪದೇ ಪದೇ ಎದೆಗೆ ಹಾಕು, ಮಗು ಮಲಗಿದಾಗ ನೀನೂ ಮಲಗು ಎಂದೂ ಹೇಳಿದಳು. ಅದು ಹಾರ್ನ್ ಕಿವಿಗೆ ಬೀಳಲಿಲ್ಲ. ಮಗಳು ಗೋಡೆಯ ಕಡೆ ತಿರುಗಿ ಅತ್ತದ್ದು ಮಾತ್ರ ಬಿತ್ತು.

ಅಂಗಡಿಗೆ ಹೋಗಿ ಮೆಂತ್ಯ, ಸೋಂಪು, ಬೆಳ್ಳುಳ್ಳಿ, ಶತಾವರಿ ಬೇರಿನ ಪುಡಿ ಎಲ್ಲ ಹೊತ್ತು ತಂದ. ಹೆಂಡತಿ ಮೆಂತ್ಯ ಕುದಿಸಿ ಲೋಟಕ್ಕೆ ಬಗ್ಗಿಸಿ ಮಗಳ ಕೋಣೆಗೆ ಹೊರಟರೆ ಅಡ್ಡ ನಿಂತ.

"ಮೊದಲು ನನ್ನ ಗಾಡಿಗೆ."

"ನಿಮ್ಮ ಗಾಡೀಲಿ ಹಾಲಿನ ಟ್ಯಾಂಕ್ ಎಲ್ಲಿದೆ ರೀ?"

"ಇಂಜಿನ್ ಕೆಡಲ್ಲ ಅಂತ ಗೊತ್ತಾದ್ರೆ ಸಾಕು," ಎಂದು ಗಟಗಟ ಕುಡಿದ.

ಏನೂ ಆಗಲಿಲ್ಲ. ಏನೂ ಆಗದಿದ್ದರೆ ಪರೀಕ್ಷೆ ಹೇಗಾದೀತು ಎಂದು ಮರುದಿನ ಪಾತ್ರೆಗಟ್ಟಲೆ ಕುಡಿದ, ಮೇಲೆ ಸೋಂಪಿನ ನೀರು, ಅದರ ಮೇಲೆ ಶತಾವರಿ. ಬೆವರೆಲ್ಲ ಮೆಂತ್ಯದ ವಾಸನೆ. ಗಿರಾಕಿಯೊಬ್ಬ ಬಾನೆಟ್ಟಿನೊಳಗೆ ಮೂಗು ತೂರಿಸಿ, ಒಳಗೇನೋ ಹುರೀತಾ ಇದೆಯಲ್ಲ ಮೇಸ್ತ್ರಿ ಎಂದ. ಅವನಿಗೆ ಸರಿಯಾಗಿ ಜಾಡಿಸಬೇಕೆಂದು ಬಾಯಿ ತೆಗೆದನೋ ಇಲ್ಲವೋ, ಹೊಟ್ಟೆ ಗುಡುಗಿತು. ಸ್ಪ್ಯಾನರ್ ಅಲ್ಲೇ ಬಿಸಾಕಿ ಹೊಟ್ಟೆ ಹಿಡಿದುಕೊಂಡು ಓಡಿದ.

ಆಮೇಲೆ ಹಾಸಿಗೆ, ಬಚ್ಚಲು, ಮತ್ತೆ ಹಾಸಿಗೆ. ನೀರು ಬೇಕು ಅನ್ನುವುದಕ್ಕೂ ಕೈಸನ್ನೆ. ಗೇಟು ಕಿರುಗುಟ್ಟಿದರೆ ಬೈಯುವವರಿಲ್ಲ, ಫೋನಿನಲ್ಲಿ ಅರಚುವವರಿಲ್ಲ. ಅವನು ಕೂಗಿದಾಗೆಲ್ಲ ಬೆಚ್ಚಿ ಮೊಲೆ ಬಿಟ್ಟು ಚೀರುತ್ತಿದ್ದ ಮಗು ಈಗ ಹೊಟ್ಟೆ ತುಂಬ ಕುಡಿಯತೊಡಗಿತು. ಮಗಳು ನಿದ್ದೆ ಕಂಡಳು. ಹೆಂಡತಿ ಉಳಿದ ಮೆಂತ್ಯದ ಡಬ್ಬಿಯನ್ನು ಅಟ್ಟಕ್ಕೆ ಎತ್ತಿಟ್ಟಳು.

ತೂಗುವ ದಿನ ಬಂತು. ಹಾರ್ನ್ ಗೋಡೆ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತ. ತಕ್ಕಡಿಯ ಮುಳ್ಳು ಮೇಲೇರಿತ್ತು. ಡಬ್ಬಿ ಹಾಲು ಬೇಡ ಎಂದ ನರ್ಸಮ್ಮ, ಏನು ಔಷಧಿ ತಗೊಂಡೆ ಎಂದು ಕೇಳಿದಳು.

"ನಾನೇನೂ ಕುಡೀಲಿಲ್ಲ ಸಿಸ್ಟರ್," ಎಂದಳು ಮಗಳು, ಮಗುವನ್ನು ಎದೆಗೆ ಹಾಕಿಕೊಳ್ಳುತ್ತ. "ಎಲ್ಲ ಅಪ್ಪಾನೇ ಕುಡಿದ್ರು. ಅವರು ಸುಮ್ಮನಾದ್ರು, ಇವನು ಕುಡಿದ."

ಹಾರ್ನ್ ಮುಖ ಕೆಂಪಾಯಿತು. ಎದೆ ಉಬ್ಬಿಸಿ ಬಾಯಿ ತೆಗೆದ. ಮಗು ಕಣ್ಣು ಮುಚ್ಚಿ ಚಪ್ಪರಿಸುತ್ತಿತ್ತು. ತೆಗೆದ ಬಾಯಿಗೆ ತಾನೇ ಕೈ ಅಡ್ಡ ಹಿಡಿದು, ಹೊರಗೆ ನಿಂತ ವ್ಯಾನಿನೊಳಗೆ ಹೋಗಿ ಕೂತು, ಗಾಜುಗಳನ್ನೆಲ್ಲ ಏರಿಸಿದ. ಕಿಟಕಿಯಿಂದ ನೋಡಿದವರಿಗೆ ಕೈ ಬೀಸುವುದು, ಸ್ಟೀರಿಂಗ್ ಕುಟ್ಟುವುದು ಕಂಡಿತೇ ಹೊರತು ಒಂದು ಮಾತೂ ಕೇಳಿಸಲಿಲ್ಲ.

ಮಗು ಎದೆಹಾಲು ಬಿಡುವವರೆಗೂ ಅವನ ಬೈಗುಳವೆಲ್ಲ ಆ ವ್ಯಾನಿನೊಳಗೇ.