ಕೊರಟಗೆರೆ ಬಸ್ಸಿನಲ್ಲಿ ಎದೆ ಹೊಡೆದುಕೊಂಡದ್ದು

ನಾನು ಕೊರಟಗೆರೆಯ ಶಾಲೆಯೊಂದರಲ್ಲಿ ಟೀಚರು. ಮಧುಗಿರಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಒಂದು ಬೆಳಿಗ್ಗೆ ಕಿಟಕಿ ಪಕ್ಕ ಕೂತು, ಡಬ್ಬಿಯ ಚಿತ್ರಾನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದವಳಿಗೆ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಅಂಗೈ ಬೆವೆತು, ಬೆರಳು ಜುಮ್ಮೆಂದು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಸತ್ತೇಹೋದೆ ಅಂದುಕೊಂಡೆ. ಪಕ್ಕದವರು ನೀರು ಕುಡಿಸಿದರು, ಡ್ರೈವರು ಬಸ್ಸನ್ನು ಕೊರಟಗೆರೆ ಆಸ್ಪತ್ರೆ ಬಾಗಿಲಿಗೇ ತಂದು ನಿಲ್ಲಿಸಿದ. ಅಷ್ಟರಲ್ಲಿ ಎಲ್ಲ ಇಳಿದುಹೋಗಿತ್ತು. ಇಸಿಜಿಯೂ ಸರಿಯಾಗಿತ್ತು. ನನಗಾಗಿ ಕಾದು ನಿಂತಿದ್ದ ಬಸ್ಸಿನ ತುಂಬ ಜನ ನೋಡುತ್ತಿರುವಾಗ ಸೀರೆ ಸರಿಮಾಡಿಕೊಂಡು ಶಾಲೆಯ ಕಡೆ ನಡೆದೆ.

ಆಮೇಲೂ ಹಾಗೆ ಆಗುತ್ತಲೇ ಇತ್ತು. ತುಮಕೂರಿನಲ್ಲಿ ಹೃದಯ, ಥೈರಾಯ್ಡ್, ರಕ್ತ ಎಲ್ಲ ಪರೀಕ್ಷೆ ಮಾಡಿಸಿದೆವು; ಏನೂ ಇಲ್ಲವೆಂದರು. ಗ್ಯಾಸ್ ಇರಬೇಕೆಂದು ನಮ್ಮ ಯಜಮಾನರು ಸೋಡಾ ತಂದರು. ಅತ್ತೆ ದೃಷ್ಟಿ ತೆಗೆದರು. ನನಗೋ ಬಸ್ ಸ್ಟ್ಯಾಂಡ್ ಕಂಡರೇ ಕೈಕಾಲು ತಣ್ಣಗಾಗುತ್ತಿತ್ತು. ಶಾಲೆಗೆ ರಜೆ ಹಾಕಿದೆ, ಸಂತೆಗೆ ಹೋಗುವುದನ್ನೂ ಬಿಟ್ಟೆ.

ಮನಸ್ಸಿನ ಡಾಕ್ಟರನ್ನು ಒಮ್ಮೆ ನೋಡಿ ಎಂದು ತುಮಕೂರಿನ ಡಾಕ್ಟರು ಹೇಳಿದಾಗ ಅತ್ತುಬಿಟ್ಟೆ. ಮನೆಯಲ್ಲಿ ಜಗಳವಿಲ್ಲ, ಮಕ್ಕಳು ಚೆನ್ನಾಗಿದ್ದಾರೆ, ನನಗೇಕೆ ಮನಸ್ಸಿನ ಕಾಯಿಲೆ? ಕೊನೆಗೆ ಆ ಡಾಕ್ಟರ ಹತ್ತಿರ ನನ್ನ ಜೊತೆ ಹೊರಟವರು ಅತ್ತೆ. ಅವರು ಪಾವಗಡದ ಕಡೆಯ ನಿಡುಗಲ್ಲಿನವರು; ಮಾತು ಅರ್ಧ ಕನ್ನಡ, ಅರ್ಧ ತೆಲುಗು, ಯಾರೆದುರೂ ಸಂಕೋಚವಿಲ್ಲ.

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಮೊದಲು ಇಷ್ಟವಾಗುತ್ತಿದ್ದದ್ದು ಈಗಲೂ ಇಷ್ಟವೇ, ಹೆದರಿ ಏನೇನು ಬಿಟ್ಟಿದ್ದೀರಿ ಎಂದು ಸಮಾಧಾನವಾಗಿ ಕೇಳಿದರು. ಆಮೇಲೆ, ಇದಕ್ಕೆ ಪ್ಯಾನಿಕ್ ಎನ್ನುತ್ತಾರೆ, ಎಷ್ಟೋ ಜನರಿಗೆ ಬರುತ್ತದೆ ಎಂದರು. ಅಪಾಯವೇ ಇಲ್ಲದಾಗ ದೇಹ ಅಪಾಯ ಬಂತೆಂದು ಗಾಬರಿ ಬೀಳುತ್ತದಂತೆ. ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದಂತೆ. ಮತ್ತೆ ಬಂದೀತೆಂದು ಒಂದೊಂದೇ ಜಾಗ ಬಿಡುತ್ತಾ ಹೋದರೆ ಹೆದರಿಕೆ ಇನ್ನೂ ಬೆಳೆಯುತ್ತದಂತೆ.

ಅತ್ತೆ ಎಲ್ಲ ಕೇಳಿಸಿಕೊಂಡು, "ಕಳ್ಳ ಬರ್ದಿದ್ರೂ ನಾಯಿ ಬೊಗಳ್ದಂಗೆ ಅನ್ನಿ," ಎಂದರು. ಡಾಕ್ಟರಮ್ಮ ನಕ್ಕುಬಿಟ್ಟರು. ಎಷ್ಟೋ ತಿಂಗಳ ಮೇಲೆ ಅಂದು ನಾನೂ ನಕ್ಕೆ.

ಮಾತ್ರೆ ಕೊಟ್ಟರು, ನಿಧಾನವಾಗಿ ಉಸಿರು ಬಿಡುವುದನ್ನು ಹೇಳಿಕೊಟ್ಟರು. ಆದರೆ ಬಸ್ಸು ಹತ್ತಲೇಬೇಕು ಎಂದರು. ಹೆಂಗಸರಿಗೆ ಟಿಕೆಟ್ ಫ್ರೀ ತಾನೇ ಎಂದು ಅತ್ತೆಯೂ ದಿನಾ ನನ್ನ ಜೊತೆ ಹತ್ತತೊಡಗಿದರು. ಮೊದಮೊದಲು ಒಂದೆರಡು ಸ್ಟಾಪು ಹೋಗಿ ಇಳಿದು ವಾಪಸ್ ಬರುತ್ತಿದ್ದೆವು. ಒಂದು ದಿನ ಇನ್ನೂ ಮುಂದೆ ಹೋಗೋಣವೆಂದು ಕೂತಿದ್ದಾಗ ನಡುದಾರಿಯಲ್ಲಿ ಎದೆ ಹೊಡೆದುಕೊಳ್ಳತೊಡಗಿತು. ಈಗಲೇ ಇಳಿಯಬೇಕು ಎಂದು ಅವರ ಕೈ ಹಿಡಿದುಕೊಂಡೆ.

"ಇಳಿಯಾಣ ಬುಡು, ಏಮೀ ಕಾದು, ಏನೂ ಆಗಾಕಿಲ್ಲ," ಎಂದರು ಅತ್ತೆ. "ಆ ಹುಣಸೆ ಮರ ಒಂದು ದಾಟ್ಲಿ ಕಣಮ್ಮ, ಆಮೇಲೆ ಇಳಿಯಾಣ."

ಹುಣಸೆ ಮರ ದಾಟಿತು. ಅತ್ತೆ ಮುಂದಿನ ಬೇವಿನ ಮರ ತೋರಿಸಿದರು. ಅದೂ ದಾಟಿದ ಮೇಲೆ ಯಾರದೋ ಕೋಳಿ ಫಾರಂ ತೋರಿಸಿದರು. ಹೀಗೆ ಒಂದೊಂದನ್ನೇ ದಾಟುತ್ತಾ ನೋಡುತ್ತೇನೆ, ಕೊರಟಗೆರೆ ಬಂದಿತ್ತು, ಎದೆಯೂ ಸುಮ್ಮನಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಬಿಸಿ ಬೋಂಡ ತಿಂದೆವು.

ಅತ್ತೆ ನನ್ನ ಕಾಯಿಲೆಯ ಕಥೆಯನ್ನು ಇಡೀ ಬಸ್ಸಿಗೆ ಹೇಳುತ್ತಿದ್ದದ್ದರಿಂದ ನನಗೆ ನಾಚಿಕೆಯಾಗಿ ಭೂಮಿಗೆ ಇಳಿದುಹೋಗುವಂತಾಗುತ್ತಿತ್ತು. ಆದರೆ ಒಮ್ಮೆ ಹೂ ಮಾರುವಾಕೆಯೊಬ್ಬಳು ಪಕ್ಕ ಬಂದು ಕೂತು, ನನಗೂ ಹಿಂಗೇ ಆಗುತ್ತದೆ, ಗಾಳಿ ಸೋಕಿದೆ ಅಂದುಕೊಂಡಿದ್ದೆ ಎಂದು ಮೆಲ್ಲಗೆ ಹೇಳಿದಳು. ಮೊದಲು ಹೃದಯ ತೋರಿಸಿಕೋ, ಆಮೇಲೆ ನಮ್ಮ ಡಾಕ್ಟರಮ್ಮನ ಹತ್ತಿರ ಹೋಗು ಎಂದೆ. ಅಂದಿನಿಂದ ಅತ್ತೆಯ ಬಾಯಿಗೆ ಅಡ್ಡ ಬರುವುದನ್ನು ಬಿಟ್ಟೆ.

ಈಗ ಒಬ್ಬಳೇ ಓಡಾಡುತ್ತೇನೆ. ಅಪರೂಪಕ್ಕೆ ಎದೆ ಜೋರಾದರೆ ಕಾಯುತ್ತೇನೆ, ಇಳಿಯುತ್ತದೆ. ಅತ್ತೆಗೆ ಮಾತ್ರ ಬಸ್ಸಿನ ರುಚಿ ಹತ್ತಿಬಿಟ್ಟಿದೆ. ಮೊನ್ನೆ ಶಿರಾದ ಸೀರೆ ಅಂಗಡಿಯಿಂದ ಫೋನ್ ಮಾಡಿ, ನಾನು ಬರುವುದು ತಡ, ಸಾರಿಗೆ ನೀನೇ ಒಗ್ಗರಣೆ ಹಾಕು ಎಂದರು.