ಮಾದೇವಿಯ ಗುಂಡಿ ತೊಳೆಸಿದ್ದು

ಮಾದೇವಿ, ನಿನ್ನ ಗುಂಡಿಯನ್ನು ಕೊಂದವಳು ನಾನು. ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು — ಗೊತ್ತಿದ್ದೂ...

ತೊಂಬತ್ತರ ದಶಕದ ಕೊನೆ. ನಾನು ಕುಮಟೆಯ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಕಲಿಸುತ್ತಿದ್ದೆ. ಅಘನಾಶಿನಿ ಊರಿನ ಹೊಳೆಯಂಚಿನ ಗುಂಡಿಗಳಲ್ಲಿ ನೀವು ನಾಲ್ವರು ಹೆಂಗಸರು ತೆಂಗಿನ ಸಿಪ್ಪೆ ಕೊಳೆಹಾಕಿ, ಹತ್ತು ತಿಂಗಳು ಕಾದು, ಬಡಿದು ನಾರು ತೆಗೆದು ಹಗ್ಗ ಹೊಸೆಯುತ್ತಿದ್ದಿರಿ. ಅಷ್ಟು ಗಟ್ಟಿ ಸಿಪ್ಪೆಯನ್ನು ಮೆತ್ತಗಾಗಿಸುವ ಜೀವಾಣುಗಳನ್ನು ನಾನು ನಿನ್ನ ಗುಂಡಿಯ ಕಪ್ಪು ರಾಡಿಯಿಂದಲೇ ಹೆಕ್ಕಿದೆ. ಎಷ್ಟೋ ಬಗೆಯವಿದ್ದವು, ಚುರುಕಾದ ಮೂರನ್ನು ಇಟ್ಟುಕೊಂಡು ಉಳಿದವನ್ನು ಎಸೆದೆ. ಲ್ಯಾಬಿನ ಫ್ಲಾಸ್ಕಿನಲ್ಲಿ ಆ ಮೂರೇ ಸೇರಿ ಎರಡು ತಿಂಗಳಲ್ಲಿ ಸಿಪ್ಪೆಯಿಂದ ನಾರು ಬಿಡಿಸಿದವು. ನನಗೆ — ಹೇಗೆ ಹೇಳಲಿ — ಹೆಮ್ಮೆಯಿಂದ ತಲೆ ತಿರುಗಿತು.

ಕಾನ್ವೆಂಟಿನಲ್ಲಿ ಬೆಳೆದವಳು ನಾನು. ಸಿಸ್ಟರ್‌ಗಳು ಉಗುರಿನ ಸಂದಿಯನ್ನೂ ಬಿಡದೆ ನೋಡುತ್ತಿದ್ದರು. 'ಪ್ಯೂರ್ ಕಲ್ಚರ್', ಅಂದರೆ ಬೇರೇನೂ ಬೆರೆಯದ ಜೀವಾಣುಗಳ ಬೆಳೆ, ಎಂಬ ಮಾತಿನ ಮೇಲೆ ನನಗೊಂದು ಭಕ್ತಿಯೇ ಇತ್ತು. ಹಳೇ ರಾಡಿಯನ್ನೆಲ್ಲ ಎತ್ತಿಹಾಕಿ, ಬ್ಲೀಚಿಂಗ್ ಪೌಡರಿನಿಂದ ಗುಂಡಿ ತೊಳೆದು, ಆಮೇಲೆ ನಾನು ಕ್ಯಾನಿನಲ್ಲಿ ತಂದ ಆ ಮೂರರ ಕಲ್ಚರನ್ನು ಸುರಿಯಿರಿ ಎಂದೆ.

ನೀನು ಸೊಂಟಕ್ಕೆ ಕೈಯಿಟ್ಟು ನಕ್ಕೆ. "ಎಂತ ಅಕ್ಕೋರೆ, ಕೊಳೆಯೂಕೂ ಸಾಬೂನು ಹಚ್ಚೂದಾ? ಈ ರಾಡಿ ನಮ್ಮತ್ತೆ ಕಾಲದ್ದು. ಹೊಸ ಗುಂಡಿ ತೋಡಿದ್ರೆ ಇದ್ರದ್ದೇ ಒಂದು ಬುಟ್ಟಿ ಹಾಕೂದು. ಹೆಪ್ಪು ಚೆಲ್ಲಿ ಯಾರಾದ್ರೂ ಮೊಸರು ಮಾಡ್ತಾರಾ?"

"ಟ್ರಸ್ಟ್ ಮಿ, ಮಾದೇವಿ," ಎಂದೆ ನಾನು.

"ಆತು. ನೀವು ಓದಿದೋರು." ನೀನೇ ಮುಂದೆ ನಿಂತು ನಾಲ್ಕೂ ಗುಂಡಿ ತೊಳೆಸಿದೆ.

ನಿಜ ಇನ್ನೂ ಕೆಟ್ಟದ್ದು. ನೀವು ರಾಡಿಯ ಮೊದಲ ಬುಟ್ಟಿ ಎತ್ತುವ ಮುಂಚೆಯೇ ನನ್ನ ಫ್ಲಾಸ್ಕು ಸೋತಿತ್ತು. ಅದೇ ಕಲ್ಚರನ್ನು ಮೂರನೆಯ ಸಲ ಹೊಸ ಸಿಪ್ಪೆಗೆ ಹಾಕಿದಾಗ ಸಿಪ್ಪೆ ಹಾಗೇ ಉಳಿಯಿತು. ನಾನು ಎಸೆದವುಗಳ ಆಸರೆಯಿಲ್ಲದೆ ಆ ಮೂರು ಬಹುಕಾಲ ಬದುಕುತ್ತಿರಲಿಲ್ಲ. ಆದರೆ ಪೇಪರ್ ಸೆಮಿನಾರಿಗೆ ಹೋಗಿಯಾಗಿತ್ತು, ನನ್ನ ಹೆಸರು ಅಚ್ಚಾಗಿತ್ತು — ಆ ಸೋಲನ್ನು ಬರೆದಿದ್ದ ಪುಟವನ್ನು ನೋಟ್‌ಬುಕ್ಕಿನಿಂದ ಹರಿದೆ.

ಮೊದಲ ಸಲ ಗುಂಡಿಗಳಲ್ಲಿ ಸಿಪ್ಪೆ ಚೆನ್ನಾಗಿಯೇ ಕೊಳೆಯಿತು. ಮೂರನೆಯ ಸಲಕ್ಕೆ ಬರೀ ನಾತ. ಸಿಪ್ಪೆ ಬಡಿದರೆ ಕೋಲೇ ಮುರಿಯುತ್ತಿತ್ತು. ಮತ್ತೆ ಹೆಪ್ಪುಹಾಕಲು ಹಳೇ ರಾಡಿಯೂ ಉಳಿದಿರಲಿಲ್ಲ, ಇಳಿತದ ನೀರು ಅದನ್ನು ಎಂದೋ ಒಯ್ದಿತ್ತು. ಉಳಿದ ಮೂವರು ನನ್ನನ್ನು ಸುತ್ತುವರಿದು ಹೀಗೇಕಾಯಿತೆಂದು ಕೇಳಿದರು. ಆಗ ನಾನು ಆ ಮಾತು ಆಡಿದೆ.

"ಮಾದೇವಿ ಸರಿಯಾಗಿ ತೊಳೆಸಿರಲಿಕ್ಕಿಲ್ಲ."

ನೀನು ನಿನ್ನ ಅಂಗೈಗಳನ್ನೇ ನೋಡಿಕೊಂಡೆ. ಅಂದಿನಿಂದ ಆ ಮೂವರು ನಿನ್ನೊಡನೆ ಮಾತು ಬಿಟ್ಟರು.

ಕೆಲವು ವರ್ಷಗಳ ನಂತರ, ನಿಜ ಹೇಳಿಬಿಡಬೇಕೆಂದೇ ಅಘನಾಶಿನಿಗೆ ಬಂದೆ. ನೀನು ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಿನಿಂದ ತಡಕಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದೆ. ನನ್ನನ್ನು ಕಂಡೊಡನೆ ದಡಕ್ಕೆ ಬಂದೆ. "ನನ್ನ ಕೈಗುಣ ಸಮ ಇರ್ಲಿಲ್ಲ ಅಕ್ಕೋರೆ. ನನ್ನಿಂದ ನಿಮ್ಮ ಓದೂ ಹಾಳಾತು," ಎಂದು — ನೀನು ನನ್ನ ಕ್ಷಮೆ ಕೇಳಿದೆ. ನನ್ನ ಚೀಲಕ್ಕೆ ಎರಡು ಬೊಗಸೆ ಬಳಚು ಸುರಿದೆ. ನಾನು ತೆಗೆದುಕೊಂಡೆ, ಬಸ್ ಹತ್ತಿದೆ.

ನಿನಗೆ ಓದು ಬಾರದು. ಈ ಪತ್ರವನ್ನು ಬೇರೆ ಯಾರ ಕೈಯಲ್ಲೂ ಕಳಿಸುವುದಿಲ್ಲ. ಆ ಮೂವರನ್ನೂ ಕರೆದು ಕೂರಿಸಿ, ಅವರ ಎದುರಿಗೆ ನಾನೇ ಓದುತ್ತೇನೆ. ಕ್ಷಮಿಸು ಎಂಬ ಮಾತನ್ನು ಇದರಲ್ಲಿ ಬರೆದಿಲ್ಲ. ಅವರು ಮತ್ತೆ ನಿನ್ನೊಡನೆ ಮಾತಾಡಲಿ, ಅಷ್ಟು ಸಾಕು.